ಹೂದಾನಿಗೆ ಮಾತಾಡುವವರು

ಬುಧವಾರ ಸಂಜೆ ಆರೂವರೆ, ತಿಮ್ಮಯ್ಯ ರಸ್ತೆ.
ನೂರೆಂಬತ್ತು ಕುರ್ಚಿಗೆ ಒಂಬತ್ತು ಜನ,
ಅವರಲ್ಲೊಬ್ಬರು ಬರೀ ಏಸಿಗೆ ಬಂದವರು.

ದೀಪ ಆರಿತು. ಮೊದಲು ಕೇಳಿದ್ದು ಮಾತಲ್ಲ,
ಒಗ್ಗರಣೆಗೆ ಮುಂಚೆ ಎಣ್ಣೆ ಕಾಯುವ ಸದ್ದು,
ಸಿರ್ರ್ ಅಂತ,
ತೊಂಬತ್ತು ವರ್ಷದಿಂದ
ಸಾಸಿವೆ ಬೀಳಲೆಂದು ಕಾದಿರುವ ಹಾಗೆ.

ಆಮೇಲೆ ಒಬ್ಬ ಬಂದ. ತೆಳು ಮೀಸೆ, ಬಿಗಿ ಕಾಲರು.
ಮೇಜಿನಾಚೆ ಅವನ ಹುಡುಗಿ.
ನಿನ್ನ ಬಿಟ್ಟು ಬದುಕಲಾರೆ ಎಂದ,
ಹೂದಾನಿಗೆ.
ಅವಳೂ ಬಗ್ಗಿ ಹೂದಾನಿಗೇ ಹೇಳಿದಳು
ತನಗೆ ಬೇರೆ ಕಡೆ ಮದುವೆ ಗೊತ್ತಾಗಿದೆಯೆಂದು.
ಅಪ್ಪ ಬಂದ, ಗದರಿಸಿದ, ಅದೂ ಹೂದಾನಿಗೆ.
ಪಾಪದ ಹೂದಾನಿ!
ಒಂದು ಮನೆಯ ಗುಟ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು
ಒಂದು ಎಸಳೂ ಅಲುಗಿಸದೆ ನಿಂತಿತ್ತು.

"ಮೈಕು ಅದರೊಳಗಿದೆ ಮೇಡಂ," ಎಂದು ಪಿಸುಗುಟ್ಟಿದರು
ಹಿಂದಿನ ಸಾಲಿನ ಅಂತೋಣಿರಾಜ್,
ಗಾಂಧಿನಗರದ ಡಬ್ಬಿಂಗ್ ಕೋಣೆಗಳಲ್ಲಿ
ಅರ್ಧ ಆಯಸ್ಸು ಕಳೆದವರು.

ನಕ್ಕೆವು. ನಗುತ್ತಲೇ ನಾನು
ಕತ್ತು ಮುಟ್ಟಿ ನೋಡಿಕೊಂಡೆ.
ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಸೇರಿದ ಹೊಸತರಲ್ಲಿ
ಎದೆಗೆ ತೂಗಿಕೊಂಡ ಕರಿ ಕೊಂಬಿಗೆ
ಗದ್ದ ಬಗ್ಗಿಸಿ ಮಾತಾಡಿದವಳು ನಾನು.
ಎದುರಿಗೆ ಮುಖವಿಲ್ಲ. ತೂತುಗಳ ಸಾಲು, ಸಣ್ಣ ದೀಪ.
"ಹುಬ್ಬಳ್ಳಿ, ಮಾತಾಡಿ. ಬೆಂಗಳೂರು, ಇನ್ನೂ ಜೋರಾಗಿ."
ಸತ್ತ ಸುದ್ದಿ, ಹೆತ್ತ ಸುದ್ದಿ, ಒಂದೇ ತಂತಿ, ಅದೇ ಸಿರ್ರ್.
ಕೇಳಬಾರದೆಂದು ರೂಲು.
ಕೇಳದೆ ಹೇಗೆ ಗೊತ್ತಾಗಬೇಕು
ಲೈನು ಇದೆಯೋ ಕಡಿದಿದೆಯೋ?
ಹೂದಾನಿಯ ಕೆಲಸ ನನಗೆ ಗೊತ್ತು.

ಈಗ ಶನಿವಾರಗಳಲ್ಲಿ ಇಲ್ಲೇ ಮೇಲಿನ ಮಹಡಿಯಲ್ಲಿ
ಫ್ರೆಂಚ್ ಕಲಿಯುತ್ತೇನೆ. ಯಾಕೆ ಎಂದಳು ಮಗಳು.
ಮಂಡಿನೋವಿಗೆ ಅಂದೆ.
ನಿಖತ್ ಮೇಡಂ ತೋರಿಸುವ ಈಗಿನ ಸಿನಿಮಾಗಳಲ್ಲಿ
ಅರ್ಧ ಮಾತು ನುಂಗಿ, ಉಳಿದರ್ಧ
ಸಿಗರೇಟಿನ ಹೊಗೆಗೆ ಬಿಡುತ್ತಾರೆ, ಒಂದೂ ತಿಳಿಯದು.
ಇವರು ಹಾಗಲ್ಲ.
ಯಂತ್ರಕ್ಕೆ ಹೆದರಿ, ಒಂದೊಂದೇ ಅಕ್ಷರ
ಚಿಲ್ಲರೆ ಎಣಿಸಿ ಕೊಡುವ ಕಂಡಕ್ಟರಂತೆ
ಕೈಗಿಡುತ್ತಾರೆ.
ಮೂರು ಪದ ಪೂರಾ ಸಿಕ್ಕವು:
ಬಾಗಿಲು. ನಾಳೆ. ಎಂದೆಂದಿಗೂ ಇಲ್ಲ.
ಕತೆಗೆ ಅಷ್ಟು ಸಾಕಾಯಿತು.
ಸಾಕಾಗದಿದ್ದರೂ ಏನು,
ಕೆಳಗೆ ಇಂಗ್ಲಿಷಿನ ಸಾಲು ಬರುತ್ತಿತ್ತಲ್ಲ,
ಬಿಳಿ ಮೇಜುಬಟ್ಟೆಯ ಮೇಲೆ ಬಿಳಿ ಅಕ್ಷರ,
ಮೊಸರನ್ನಕ್ಕೆ ಉದುರಿಸಿದ ಉಪ್ಪು.

ಬಾಗಿಲು ಹಾಕಿದರೆ ಸಿಡಿಲು.
ಗ್ಲಾಸು ಬಿದ್ದು, ಒಂದು ಉಸಿರು ಬಿಟ್ಟು, ಒಡೆಯಿತು.
ಆದರೆ ಅವನು ಬೀದಿಗಿಳಿದನೋ, ಸದ್ದೇ ಇಲ್ಲ.
ಕುದುರೆಗಾಡಿ ಹತ್ತಿಯ ಮೇಲೆ ಹೋದಂತೆ ಹೋಯಿತು.
ಬೂಟಿಗೆ ನೆಲ ಸಿಗಲಿಲ್ಲ.
ದುಡ್ಡು ಮುಗಿಯಿತೋ, ಮರೆತರೋ,
ಇಡೀ ಪ್ಯಾರಿಸ್ಸು ಬಾಯಿಗೆ ಬಟ್ಟೆ ತುರುಕಿಕೊಂಡಿತ್ತು,
ಎಣ್ಣೆಯೂ ಕಾಯುವುದು ನಿಲ್ಲಿಸಿತ್ತು.

ಆಗ ಕಂಟೋನ್ಮೆಂಟ್ ಸ್ಟೇಷನ್ನಿನಿಂದ
ಏಳೂಕಾಲಿನ ಯಾವುದೋ ರೈಲು
ಉದ್ದಕ್ಕೆ ಕೂಗಿತು,
ಅವನು ನಿಂತು
ತಿರುಗಿ ನೋಡಿದ.

ಒಂಬತ್ತೂ ಜನ ಒಟ್ಟಿಗೆ ಅಯ್ಯೋ ಅಂದೆವು,
ಏಸಿಗೆ ಬಂದವರೂ.
ಅವನ ಕಣ್ಣಲ್ಲಿ ನೀರಿತ್ತೋ,
ಪ್ರಿಂಟಿನ ಗೀರೋ, ಹೇಳಲಾರೆ.
ಅವನಂತೂ ಕೇಳಿಸಿಕೊಂಡ.

ಮುಗಿದ ಮೇಲೆ ಎಲ್ಲರೂ ಆಟೋ ಹುಡುಕುತ್ತಾ ಹೊರಟರು.
ಅಂತೋಣಿರಾಜ್ ಹೇಳುತ್ತಲೇ ಇದ್ದರು
ತಾವಾಗಿದ್ದರೆ ಆ ಗ್ಲಾಸನ್ನು
ಸರಿಯಾದ ಗಳಿಗೆಗೆ ಒಡೆಯುತ್ತಿದ್ದೆವೆಂದು.
ಬೇಡಿ ಸಾರ್ ಅಂದೆ.

ರಿಸೆಪ್ಷನ್ನಿನಲ್ಲಿ ಯಾರೂ ಇರಲಿಲ್ಲ.
ಮೇಜಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಒಂದು ಪದರ ಧೂಳು.
ಗದ್ದ ಬಗ್ಗಿಸಿ, ಹಳೆಯ ದನಿಯಲ್ಲಿ, ಬಿಡಿಬಿಡಿಯಾಗಿ
"ನಿಮ್ಮ ಲೈನು ಬಂದಿದೆ, ಮಾತಾಡಿ" ಅಂದೆ.

ಸೆಕ್ಯೂರಿಟಿ ಹುಡುಗ ನೋಡುತ್ತಿದ್ದ.
ನೋಡಲಿ.