ಖಾಲಿ ಕೊಳವೆ

ಬೆಂದಿದೆಯೋ ಇಲ್ಲವೋ ನೋಡಲು
ಒಂದಗುಳು ಹಿಸುಕಿದರೆ ಸಾಕು ಅನ್ನುತ್ತಾಳೆ
ರೂವಿಯ ಫ್ಲ್ಯಾಟಿನಲ್ಲಿ ನನ್ನ ಜೊತೆಗಿರುವ ಲಿಲ್ಲಿ.
ಅವಳ ಪಾತ್ರೆಯಲ್ಲಿ ಸಾವಿರ ಅಗುಳು.
ನಮ್ಮಲ್ಲಿ ಎಂಟು.
ಎಂಟರಲ್ಲೊಂದನ್ನು ಬೆಸಿಲ್ ಎತ್ತಿ ತರುತ್ತಾನೆ,
ಕೂದಲಿನಷ್ಟು ಸಪೂರ ಗಾಜಿನ ನಳಿಗೆಯಲ್ಲಿ,
ಉಸಿರು ಬಿಗಿಹಿಡಿದು.
ಕೊಳವೆಗೆ ಬಿತ್ತೋ ಇಲ್ಲವೋ ಕಣ್ಣಿಗೆ ಕಾಣದು.
ಬಿತ್ತು ಅಂತ ಬರೆದುಕೊಳ್ಳುತ್ತೇನೆ.

ಹಮೂದ್, ಝುವೈನಾ. ಊರು ಸೂರ್
(ನನಗೆ ಮನೆಯ ಸೂರೇ ಕೇಳಿಸುತ್ತದೆ).
ಮೊದಲ ಮಗ ಮಾಜಿದ್‌ಗೆ ಏಳು ವರ್ಷ,
ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ.
ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಇವರು;
ಅಜ್ಜನ ಕಾಗುಣಿತದ ಒಂದು ತಪ್ಪನ್ನು
ಇಬ್ಬರೂ ನಕಲು ಮಾಡಿಕೊಂಡಿದ್ದಾರೆ.

ಒಂದು ಕೋಶದ ಬರಹ ಯಂತ್ರದ ಕಣ್ಣಿಗೂ ಸಾಲದು.
ಹೆಪ್ಪು ಹಾಕಬೇಕು.
ಮೂವತ್ತು ಡಿಗ್ರಿ, ಎಂಟು ತಾಸು.
ಹೊರಗೆ ನಲವತ್ತಾರು.
ಏಸಿಯ ಚಳಿಗೆ ಮೊಸರಾಗುವುದಿಲ್ಲವೆಂದು
ಲಿಲ್ಲಿ ಪಾತ್ರೆಗೆ ಟವೆಲು ಸುತ್ತಿ
ಫ್ರಿಜ್ಜಿನ ತಲೆಯ ಮೇಲಿಡುತ್ತಾಳೆ.
ನಾನು ಯಂತ್ರದ ಮುಚ್ಚಳ ಹಾಕಿ
ಸುಮ್ಮನೆ ಒಮ್ಮೆ ಮುಟ್ಟುತ್ತೇನೆ.

ಕೆಲವು ಸಲ ಎರಡು ಪ್ರತಿಗಳಲ್ಲಿ ಒಂದು ಬಾಯಿ ಬಿಡುವುದಿಲ್ಲ.
ಅಪ್ಪನದು ಹತ್ತು ಲಕ್ಷವಾಗಿ ಬೆಳೆಯುತ್ತದೆ,
ಅಮ್ಮನದು ಅಲ್ಲೇ ಇದ್ದೂ ಇಲ್ಲ.
ಮೌನ ಸಮ್ಮತಿ ಅನ್ನುವುದೆಲ್ಲ
ಮದುವೆ ಮಾತುಕತೆಗೆ ಸರಿ. ಇಲ್ಲಿ ಮೌನವೆಂದರೆ
ಇನ್ನೊಬ್ಬ ಮಾಜಿದ್ ಇರಬಹುದು.

ಪ್ರತಿ ಸಲ ಒಂದು ಕೊಳವೆಗೆ ಏನನ್ನೂ ಹಾಕುವುದಿಲ್ಲ.
ಏನೂ ಇಲ್ಲದ್ದರಿಂದ ಏನೂ ಬೆಳೆಯಬಾರದು.

ಇವತ್ತು ಬೆಳಗಿನ ಜಾವ ನಾಲ್ಕಕ್ಕೆ
ಅದು ತುಂಬಿತ್ತು.

ಯಾರಿದು? ಗಂಡನಲ್ಲ, ಹೆಂಡತಿಯಲ್ಲ.
ಸಿಬ್ಬಂದಿಯ ಗುರುತಿನ ಕಡತ ತೆಗೆದು
ಬೆರಳಿಟ್ಟು ಹೋಲಿಸುತ್ತಾ ಹೋದೆವು.
ಒಂಬತ್ತನೇ ಸಾಲು: ನಾನು.
ಮಾಸ್ಕಿನ ಅಂಚಿನಿಂದ ಉದುರಿದ ಚರ್ಮವೋ,
ತಡೆದ ಕೆಮ್ಮಿನ ಹನಿಯೋ.
ಹನ್ನೊಂದು ವರ್ಷ ಪರರ ಮಕ್ಕಳ ಅಕ್ಷರ ತಿದ್ದಿದವಳು
ಯಾರೂ ಕರೆಯದೆ, ಇಡೀ ರಾತ್ರಿ
ಬೆಚ್ಚಗೆ ಬೆಳೆದು ಕೂತಿದ್ದೆ.
'ಸಿಹಿ ಯಾವಾಗ?' ಅಂದ ಬೆಸಿಲ್. ನಕ್ಕೆ. ಆಮೇಲೆ ನಗಲಾಗಲಿಲ್ಲ.

ಎಂಟೂ ಕೊಳವೆಗಳಿಗೆ ಕೆಂಪು ಗೀಟು. ನನ್ನದಕ್ಕೂ.
ಭ್ರೂಣಗಳು ಹಿಮದಲ್ಲಿ ಕಾಯುತ್ತವೆ, ಮತ್ತೆ ತೆಗೆಯಬೇಕು, ಮತ್ತೆ ಕೀಳಬೇಕು
ಎಂದು ಫೋನಿನಲ್ಲಿ ನನ್ನ ಮುರುಕು ಅರಬ್ಬಿಯಲ್ಲಿ ಹೇಳಿದೆ.
ತಪ್ಪು ನನ್ನದು ಅನ್ನುವುದಕ್ಕೆ
ಪದ ಗೊತ್ತಿತ್ತು. ಹೇಳಿದೆ.
ಝುವೈನಾ ಕೇಳಿದ್ದು ಒಂದೇ: ಎಷ್ಟು ದಿನ?
ಹಿಂದೆ ಯಾವುದೋ ಕಾರ್ಟೂನು ಕಿರುಚುತ್ತಿತ್ತು.

ಮನೆಗೆ ಬಂದಾಗ ಮಧ್ಯಾಹ್ನ.
ಲಿಲ್ಲಿ ಸೌಟಿನಿಂದ ಒಂದಗುಳು ತೆಗೆದು
ಹಿಸುಕಿ, ಬೆಂದಿದೆ ಅಂದಳು.
ಇನ್ನೊಂದು ನೋಡು, ಅಂದೆ.