ಮೊದಲು ಒಳ್ಳೆ ಕಾಲು

ಮೊದಲು ಒಳ್ಳೆ ಕಾಲು ಕೊಡು, ಅಂದೆ.
ಅವಳಿಗೆ ನಗು ಬಂತು.
"ನೋವು ಈ ಕಡೀಗದರಿ, ಮೇಡಂ."
ಗೊತ್ತದ. ಆದರೂ ಮೊದಲು ಅದೇ.
ಈ ಮೈಗೆ ಗಟ್ಟಿ ಅಂದ್ರೆ ಎಷ್ಟು ಗಟ್ಟಿ
ನನ್ನ ಕೈ ಕಲೀಬೇಕಲ್ಲ.

ಒಂದು ಕೈಲಿ ತೊಡೆ, ಒಂದರಲ್ಲಿ ಮೀನಖಂಡ,
ಒಂದಿಷ್ಟೇ ಮಡಿಸಿ ಮುಂದಕ್ಕೆಳೆದೆ.
ಠಕ್.
ಓಡುವ ಕರು, ಹಗ್ಗ ಮುಗಿದಲ್ಲಿ ನಿಂತ ಹಾಗೆ.

ಈಗ ಬಲಗಾಲು.
ಎಳೆದೆ. ಬಂತು. ಇನ್ನೂ ಬಂತು.
ನಿಲ್ಲಿಸಬೇಕಾದಲ್ಲಿ ಯಾರೂ ಇರಲಿಲ್ಲ.

ಚೀಟಿಯ ಮೇಲೆ: ಭಾಗ್ಯವಂತಿ, ಇಪ್ಪತ್ತಾರು, ಅಫಜಲಪುರ ತಾಲ್ಲೂಕು.
ಕಾನ್‌ಸ್ಟೇಬಲ್ ಆಗಲು ಲಾಂಗ್ ಜಂಪ್ ಅಭ್ಯಾಸ.
ಗುಂಡಿಯಲ್ಲಿ ಮರಳು ತೀರಿ ಎರೆಮಣ್ಣು ಎದ್ದಿತ್ತು;
ಪಾದ ಕಚ್ಚಿಕೊಂಡು ಅಲ್ಲೇ ಉಳಿಯಿತು, ಮೈ ತಿರುಗಿತು.
"ಟಪ್ ಅಂತ ಸಪ್ಪಳಾತರಿ. ಬಾಜೂಕಿನಾಕಿಗೂ ಕೇಳಸ್ತು."
ಸಂಜೆಗೆ ಮೊಣಕಾಲು ಕುಂಬಳಕಾಯಿ.
ಊರ ಅಜ್ಜ ತತ್ತಿಯ ಬಿಳಿ ಹಚ್ಚಿ ಬಿದಿರುಚಕ್ಕೆ ಕಟ್ಟಿದ.
ಎಕ್ಸ್‌ರೇ ತೆಗೆದವನು, "ಎಲುಬು ನೆಟ್ಟಗದ, ನಡಿ" ಅಂದ.
ನೆಟ್ಟಗಿತ್ತು, ನಿಜ.
ಎಲುಬಿನ ಚಿತ್ರದಲ್ಲಿ ಹಗ್ಗ ಮೂಡುವುದಿಲ್ಲ.

ಆರು ವಾರ ನಡೆದಾಡಿದಳು.
ಮೆಟ್ಟಿಲು ಇಳಿವಾಗ ಒಮ್ಮೆ, ಕೊಡ ಹೊತ್ತು ಹೊರಳುವಾಗ ಒಮ್ಮೆ
ಕಾಲು ಕೈ ಕೊಟ್ಟಿತು.

"ಫಿಜಿಕಲ್ ಬರೋ ತಿಂಗಳ ಹದಿನಾಲ್ಕಕ್ಕದರಿ.
ಒಂದು ಇಂಜೆಕ್ಷನ್ ಹಾಕ್ರಿ, ಓಡಿಬಿಡ್ತೀನಿ."
ಹರಿದದ್ದು ಹೊಲಿಗೆಗೆ ನಿಲ್ಲೋದಿಲ್ಲವ್ವ, ಅಂದೆ.
ತೊಡೆಯ ಹಿಂದಿಂದ ಎಳೆ ತೆಗೆದು, ಮಡಚಿ,
ಎಲುಬು ಕೊರೆದು ಕೂರಿಸಬೇಕು.
ಸರಕು ನಿನ್ನದೇ. ಆದರೂ ಹೊಸ ಕೆಲಸ ಕಲಿಯೋದಕ್ಕೆ
ಅದಕ್ಕೂ ಒಂಬತ್ತು ತಿಂಗಳು ಬೇಕು.
ಅವಳು ಬೆರಳು ಮಡಚಲಿಲ್ಲ.
ವಯಸ್ಸಿನ ಮಿತಿಯ ಲೆಕ್ಕ
ನನಗಿಂತ ಮೊದಲೇ ಮಾಡಿಟ್ಟಿದ್ದಳು.

ಆಪರೇಷನ್ ಆದ ಮೇಲೆ ಎಲ್ಲ ಶುರುವಾದದ್ದು ಒಂದು ಟವೆಲಿನಿಂದ.
ಸುತ್ತಿ ಮೊಣಕಾಲ ಕೆಳಗಿಟ್ಟು, ಒತ್ತು, ಅಂದೆ.
ತೊಡೆ ಮಾತು ಕೇಳಲಿಲ್ಲ.
ಒತ್ತು.
ನಾಲ್ಕನೇ ದಿನ, ವಾರ್ಡಿನ ಫ್ಯಾನು ನಿಂತ ಮಧ್ಯಾಹ್ನ,
ಕಡಿದ ಹಲ್ಲಿಬಾಲದ ಹಾಗೆ ಏನೋ ಮಿಡುಕಿತು ಚರ್ಮದಡಿ.
ದೊಡ್ಡ ಡಾಕ್ಟರು ಪಕ್ಕದಲ್ಲಿರುವುದು ಮರೆತು
"ಅರೆ ವಾಹ್" ಅಂದುಬಿಟ್ಟೆ.

ಹೋಗುವ ದಿನ ಫರಸಿಯ ಮೇಲೆ ಊರುಗೋಲಿನ ಟಕ್ ಟಕ್.
ಹತ್ತುವಾಗ ಒಳ್ಳೆ ಕಾಲು ಮೊದಲು,
ಇಳಿವಾಗ ನೊಂದದ್ದು, ನೆನಪಿರಲಿ.
ಗೇಟಿನೆದುರು ಬಸ್ಸು, ಕಂಡಕ್ಟರನ ಬಾಯಲ್ಲಿ ಸೀಟಿ.
ಮೆಟ್ಟಿಲ ಮುಂದೆ ನಿಂತು
ಎರಡೂ ಕಾಲುಗಳನ್ನು ನೋಡಿಕೊಂಡಳು,
ಯಾವುದರ ಮೇಲೂ ಪೂರಾ ನಂಬಿಕೆ ಇಲ್ಲದವಳ ಹಾಗೆ.
ಕಲಬುರಗಿಯ ಬಿಸಿಲು ಕಾಯುವುದಿಲ್ಲ, ಕಂಡಕ್ಟರ್ ಕಾದ.
ಆಮೇಲೆ, ಎಡಗಾಲು.