ಪಟ್ಟಿ

ಪೆರ್ಮುದೆಯ ಮುರಕಲ್ಲು ಕೋರೆಗೆ
ಪಯ್ಯನ್ನೂರಿನ ಹುಡುಗಿ ರಿನ್ಷಾ ಬಂದಳು.
ಚೀಲದಲ್ಲಿ ಆರು ಬೆಲ್ಟು.
ಓದುತ್ತಿದ್ದಾಳಂತೆ, ಮನುಷ್ಯ ಹೇಗೆ ಬಗ್ಗುತ್ತಾನೆಂದು.
ಅದಕ್ಕೂ ಓದು ಉಂಟಾ, ಎಂದ ಹಸೈನಾರ್.

ನನ್ನ ಸೊಂಟಕ್ಕೆ ಅವಳೇ ಬಿಗಿದಳು:
ಬೆನ್ನ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿ,
ತೊಡೆಗಳಿಗೆ ಒಂದೊಂದು.
ಪಟ್ಟಿ ಬಿಗಿಯಾಯ್ತು, ಎಂದೆ.
ನಕ್ಕುಬಿಟ್ಟಳು. ಅವಳ ಮಲಯಾಳದಲ್ಲಿ
ಪಟ್ಟಿ ಅಂದರೆ ನಾಯಿ.
ನನಗೂ ಗೊತ್ತು, ಹೊಳೆದಿರಲಿಲ್ಲ.
ಸರಿ, ನಾಯಿಯೇ ಆಗಲಿ.

ಅರವತ್ತು ಡಿಗ್ರಿ ದಾಟಿ ಬಗ್ಗಿದರೆ
ಗುರ್ ಎನ್ನುತ್ತದೆ.
ಮೊದಲ ದಿನ ಗುರುಗುಟ್ಟಿ ಗುರುಗುಟ್ಟಿ
ಮಧ್ಯಾಹ್ನದ ಗಂಜಿಯ ಹೊತ್ತಿಗೆ ಬ್ಯಾಟರಿ ಸತ್ತಿತು.

ಮಂಡಿ ಮಡಚಿ, ಎಂದು ತೋರಿಸಿದಳು,
ಕಲ್ಲನ್ನು ಹೊಟ್ಟೆಯ ಹತ್ತಿರಕ್ಕೆ ತನ್ನಿ,
ತಿರುಗುವಾಗ ಸೊಂಟವಲ್ಲ, ಪಾದ ತಿರುಗಲಿ.
ಖಾಲಿ ಕೈಯಲ್ಲಿ ಚಂದ ಕಾಣುತ್ತಿತ್ತು.
ಒಂದು ಕಲ್ಲಿಗೆ ಮೂವತ್ತೈದು ಕಿಲೋ,
ಒಂದು ಲಾರಿಗೆ ಮುನ್ನೂರು ಕಲ್ಲು.
ಹೀಗೆ ಕೂತು ಎದ್ದು ಮಾಡಿದರೆ
ಉಪ್ಪಳದ ಲಾರಿ ನಾಳೆ ಹೊರಟೀತು.

ಆದರೂ ನಾಯಿ ಕಲಿಸುತ್ತದೆ ನೋಡಿ.
ನಾಲ್ಕನೆಯ ದಿನ ಮಂಡಿ ತಾನಾಗಿ ಮಡಚಿತು.
ಎರಡನೆಯ ವಾರ ಒಂದು ರಾತ್ರಿ
ಅಮ್ಮಾ ಎನ್ನದೆ ಮಗ್ಗುಲು ಬದಲಿಸಿದೆ.
ದೇಯಕ್ಕು ಗಾಬರಿಯಿಂದ ಎದ್ದು ಕೂತು
ಲೈಟು ಹಾಕಿದಳು.

ಭಾನುವಾರ ಬಿಚ್ಚಲು ಮರೆತು
ಗುಳಿಗನ ಕಟ್ಟೆಯ ಮುಂದೆ ಬಗ್ಗಿದೆ.
ಗುರ್!
ಪಕ್ಕದಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.
ನಾನೂ ಏನೂ ಹೇಳಲಿಲ್ಲ.

ಮೂರು ವಾರ ಕಳೆದು ಹಾಳೆಯೊಂದು ತಂದಳು.
ಇದು ನಮ್ಮ ಕನ್ನಡದ ಪಟ್ಟಿ:
ಬಗ್ಗಿದ್ದು ಇಷ್ಟು, ತಿರುಚಿದ್ದು ಇಷ್ಟು,
ಭಾರವೆಲ್ಲ ಎಡಗಾಲಿನ ಮೇಲೆ. ಯಾಕೆ, ಎಂದಳು.
ಯಾಕೋ, ಎಂದೆ.
ಬಾವಿಕಟ್ಟೆಯಲ್ಲಿ ಕಾಲು ತೊಳೆಯುವಾಗ
ಬಲಪಾದದ ಗಾಯದ ಗುರುತು ಕಂಡಿತು:
ಹನ್ನೊಂದು ವರ್ಷದ ಹಿಂದೆ ಕಲ್ಲು ಜಾರಿ ಬಿದ್ದದ್ದು.
ನಾನು ಮರೆತಿದ್ದೆ. ಕಾಲು ಮರೆತಿರಲಿಲ್ಲ.

ಹೋಗಿ ಹೇಳಿದೆ. ಬರೆದುಕೊಂಡಳು,
ಕಲ್ಲರಾಶಿಯ ಮೇಲೆ ಕೂತು, ಫೋನಿಗೆ ಬಾಗಿ,
ಬೆನ್ನು ಬಿಲ್ಲು, ಕುತ್ತಿಗೆ ಕೊಕ್ಕರೆಯದು.
ಬೆಲ್ಟುಗಳೆಲ್ಲ ಆಗಲೇ ಚೀಲ ಸೇರಿದ್ದವು.
ಹಸೈನಾರ್ ಅವಳ ಹಿಂದೆ ಹೋಗಿ ನಿಂತು
ಮೆಲ್ಲಗೆ
ಗುರ್ ಎಂದ.